ಗುಮಾಸ್ತರು ಫೋನ್ ಚುರುಕು ಮಾಡಿದ್ದು

ಮೂವತ್ತನಾಲ್ಕು ವರ್ಷ ಕಚೇರಿಯ ದಾಖಲೆ ಕೋಣೆ ಕಾಯ್ದ ಗುಮಾಸ್ತರಿಗೆ ನಿವೃತ್ತಿ ಬಂತೇ ಹೊರತು ಚಟ ಬಿಡಲಿಲ್ಲ. ಮೇಜಿನ ಮೇಲೆ ಒಂದೇ ಒಂದು ಕಡತವೂ ತೆರೆದಿರಬಾರದು, ಅದು ಅವರ ಶಿಸ್ತು. ಈಗ ಮೇಜೂ ಇಲ್ಲ, ಕಡತವೂ ಇಲ್ಲ. ಪಾಪ, ಹೆಂಡತಿಯ ಫೋನು ಕೈಗೆ ಸಿಕ್ಕಿತು.

ಹೆಂಡತಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಆಕೆಯ ತೋಳಿಗೆ ಬಿಲ್ಲೆಯಂಥದ್ದೊಂದನ್ನು ಅಂಟಿಸಿದ್ದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಫೋನು ಕೂಗಿಕೊಳ್ಳುತ್ತದೆ. ಅದಕ್ಕೆಂದೇ ಇರುವ, ಹಸಿರು ಹನಿಯ ಗುರುತಿನ ಆ್ಯಪು ಹಗಲೂ ರಾತ್ರಿ ಹಿನ್ನೆಲೆಯಲ್ಲಿ ಎಚ್ಚರವಿರಬೇಕು. ಮಗಳು ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ಆದರೆ ಆಗ ನಮ್ಮ ಗುಮಾಸ್ತರು ಅವಳಿಗೇ ಫೋನಿನ ಪಾಠ ಹೇಳುತ್ತಿದ್ದರಲ್ಲ, ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ!

ಆ ಮಧ್ಯಾಹ್ನ ಹೆಂಡತಿ ಬಾಯಿತಪ್ಪಿ ಅಂದಳು, "ಯಾಕೋ ಫೋನು ನಿಧಾನ ಆಗಿದೆ ಕಣ್ರೀ."

ಅಷ್ಟು ಸಾಕಾಯಿತು. ಕನ್ನಡಕ ಮೂಗಿಗೇರಿತು.

"ನಿಧಾನ ಆಗ್ದೆ ಇನ್ನೇನಾಗುತ್ತೆ? ಹದಿನೇಳು ಆ್ಯಪು ಹಿಂದೆ ಕೂತು ಬಿಟ್ಟಿ ತಿಂತಿವೆ! ಕೊಡಿಲ್ಲಿ."

ಒಂದೊಂದನ್ನೇ ಹಿಡಿದು ಹೊರದಬ್ಬಿದರು. ಕೊನೆಗೆ ಹಸಿರು ಹನಿಯ ಗುರುತಿನದೊಂದು ಸಿಕ್ಕಿತು. "ನೋಡಿದ್ಯಾ, ಇದು ಕಣ್ಣೇ ಮುಚ್ಚಲ್ಲ. ಇದೇ ದೊಡ್ಡ ಕಳ್ಳ!" ಎಂದು ಸೆಟ್ಟಿಂಗಿಗೆ ಹೋಗಿ ಅದರ ಉಸಿರೇ ನಿಲ್ಲಿಸಿದರು. ಹೆಂಡತಿ ಅಷ್ಟರಲ್ಲಿ ಇನ್ಸುಲಿನ್ ಚುಚ್ಚಿಕೊಂಡು, ಎರಡೇ ತುತ್ತು ತಿಂದು, ಒಳಗೆ ಬಟ್ಟೆ ಮಡಿಸಲು ಹೋಗಿದ್ದಳು.

ಫೋನು ಮುಟ್ಟಿದರೆ ಓಡುತ್ತಿತ್ತು. ಚಾರ್ಜು ತೊಂಬತ್ತೊಂದು! ಗುಮಾಸ್ತರು ತಮ್ಮ ಬೆನ್ನು ತಾವೇ ತಟ್ಟಿಕೊಂಡು ಕುರ್ಚಿಯಲ್ಲಿ ಕಾಲು ಚಾಚಿದರು. ಮನೆಯಲ್ಲಿ ಎಂಥ ನೆಮ್ಮದಿ, ಒಂದು ಸದ್ದಿಲ್ಲ.

ನಾಲ್ಕಾದರೂ ಕಾಫಿ ಬರಲಿಲ್ಲ. "ಏನೇ, ನಿದ್ದೆ ಹೋದ್ಯಾ?" ಎಂದು ಗದರಿದರು. ರೇಗುತ್ತಲೇ ಒಳಗೆ ಹೋದರು. ಮಂಚಕ್ಕೂ ಬೀರುವಿಗೂ ನಡುವೆ ಹೆಂಡತಿ ಬೆವರಿನಲ್ಲಿ ತೊಯ್ದು ಬಿದ್ದಿದ್ದಳು, ಕರೆದರೆ ಕಣ್ಣು ತೆರೆಯಲಿಲ್ಲ. ಗುಮಾಸ್ತರು ಫೋನಿಗೆ ಓಡಿದರು. ಫೋನು ಮಾತ್ರ ಬಲು ಚುರುಕು, ಆಂಬುಲೆನ್ಸಿಗೆ ಒಂದೇ ಏಟಿಗೆ ಕರೆ ಹೋಯಿತು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹತ್ತಿಸಿದ ಮೇಲೆ ಆಕೆ ಕಣ್ಣು ಬಿಟ್ಟಳು.

"ಅದು ಕೂಗ್ಲೇ ಇಲ್ವಲ್ರೀ?"

"ನಾನೇ ಅದರ ಬಾಯಿ ಮುಚ್ಚಿಸ್ದೆ ಕಣೇ," ಎಂದ ಗುಮಾಸ್ತರು, ವಾರ್ಡಿನವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ ಬಿಕ್ಕಿ ಬಿಕ್ಕಿ ಅತ್ತರು.

ಆಕೆ ಕೈ ಚಾಚಿ ಅವರ ಜಾರಿದ ಕನ್ನಡಕ ಮೇಲೇರಿಸಿದಳು.

"ಹೋಗ್ಲಿ ಬಿಡಿ. ಫೋನಾದ್ರೂ ಚುರುಕಾಯ್ತಾ?"

ಗುಮಾಸ್ತರ ಕೈಯಲ್ಲಿದ್ದ ಫೋನಿನಲ್ಲಿ ಚಾರ್ಜು ಇನ್ನೂ ಎಂಬತ್ತೆಂಟಿತ್ತು.