ಗೌಡರ ಬಾವಿಯಲ್ಲಿ ಸಿಡಿದದ್ದು

ಕಮಲಾಪುರದ ಅಣವೀರಪ್ಪಗೌಡರಿಗೆ ತಮ್ಮ ಬಾಳೆತೋಟದ ಮೇಲೆ ಇದ್ದ ಅಕ್ಕರೆ ಮನುಷ್ಯರ ಮೇಲೆ ಇರಲಿಲ್ಲ. ಇದ್ದಿದ್ದರೆ ಪರವಾನಗಿ ಇಲ್ಲದ ಬಾರೂದು ತರಿಸಿ ಬಾವಿಯ ಬಂಡೆಗೆ ತುಂಬಿಸುತ್ತಿದ್ದರೇ? ನಿಜಾಮ ಸರಕಾರದಲ್ಲಿ ಹಿಡಿ ಬಾರೂದಿಗೂ ಕಚೇರಿಯ ಮೊಹರು ಬೇಕು. ಅಷ್ಟು ತಾಳ್ಮೆ ಗೌಡರಿಗೆಲ್ಲಿಯದು! ಬೇಸಿಗೆಯ ಬಿಸಿಲು ಏರುವುದರೊಳಗೆ ಬಾವಿಯಲ್ಲಿ ನೀರು ಕಾಣಬೇಕಿತ್ತು. ಕಳ್ಳ ಮಾಲು ಬಂತು, ಬಂಡೆಗೆ ತೂತು ಕೊರೆದದ್ದಾಯಿತು, ಬತ್ತಿ ಹಚ್ಚಲು ಆಳು ಸೂಗಪ್ಪನನ್ನು ಕೆಳಗಿಳಿಸಿದರು. ಬತ್ತಿ ಬೇಗ ಉರಿಯಿತು. ಸೂಗಪ್ಪ ಅರ್ಧದಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಬಂಡೆ ಸಿಡಿಯಿತು.

ಅವನ ಹೆಂಡತಿ ನೀಲಗಂಗಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಂದು ನೋಡಿದರೆ ಗೌಡರ ಆಳುಗಳು ಗಂಡನಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದಾರೆ. ಆರೈಕೆಗಲ್ಲ, ಮೈಮೇಲಿನ ಮಸಿ ಹೋಗಲಿ ಎಂದು. ಸುಟ್ಟ ಧೋತರ ಬಿಚ್ಚಿ ಬೇರೆಯದು ಉಡಿಸಿದರು. ಗಾಯಗಳಿಗೆಲ್ಲ ಅರಿಸಿನ ಮೆತ್ತಿ, ಅದರ ಮೇಲೆ ಬಾವಿಯ ಕೆಸರು ಬಳಿದರು.

"ನೀಲಗಂಗಾ, ನಿನ್ನ ಗಂಡ ಕಾಲ್ಜಾರಿ ಬಾವ್ಯಾಗ ಬಿದ್ದಾನ. ತಿಳೀತಿಲ್ಲೊ?" ಎಂದರು ಗೌಡರು.

"ಸಪ್ಪಳ ಊರಿಗೆಲ್ಲಾ ಕೇಳ್ಯಾದರೀ, ಗೌಡ್ರ."

"ಊರ ಮಂದಿ ಕಿವಿ ನಾ ನೋಡ್ಕೋತೀನಿ. ನಿನ್ನ ಬಾಯಿ ನೀ ನೋಡ್ಕೊ."

ಕಲಬುರಗಿಯ ಸರಕಾರಿ ದವಾಖಾನೆಗೆ ಒಯ್ಯಬೇಕೆಂದರೆ ಬಂಡಿ ಬೇಕು. ಓಡುವ ಎತ್ತು ಇದ್ದದ್ದು ಗೌಡರ ಕೊಟ್ಟಿಗೆಯಲ್ಲಿ. ಬಂಡಿ ಕೊಡುತ್ತೇನೆ, ಆದರೆ ಲಿಂಗ ಮುಟ್ಟಿ ಆಣೆ ಮಾಡು ಎಂದರು. ಲಿಂಗದ ಆಣೆ ಎಂದರೆ ಲಿಂಗ ಕಟ್ಟಿದ ಜನರಲ್ಲಿ ಹುಡುಗಾಟದ ಮಾತಲ್ಲ. ಅದನ್ನು ಮುರಿದವರ ಪಕ್ಕದಲ್ಲಿ ಯಾರೂ ಉಣ್ಣಲು ಕೂಡುವುದಿಲ್ಲ, ಅವರ ಮನೆಗೆ ಪೂಜೆಯ ಅಯ್ಯನವರು ಕಾಲಿಡುವುದಿಲ್ಲ. ನೀಲಗಂಗಮ್ಮ ಕೊರಳಿನ ಲಿಂಗವನ್ನು ಅರಿವೆಯಿಂದ ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡಳು. "ಬಾವ್ಯಾಗ ಬಿದ್ದಾರಂತ ಹೇಳ್ತೀನಿ" ಅಂದಳು.

ಗೌಡರ ಬಂಡಿ ಹೊಡೆಯುವ ನಬಿಸಾಬ ಎತ್ತು ಹೂಡಿದ. ಅವಳು ಮಾತು ತಪ್ಪಿದರೆ ಎಂದು ಕಾವಲಿಗೆ ಗೌಡರ ಬಂಟ ತುಕಾರಾಮ ಬಂಡಿಯ ಹಿಂದೆ ಹತ್ತಿ ಕೂತ. ದಾರಿಯುದ್ದಕ್ಕೂ ಅವಳು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಮಾತಾಡಿಸಿದಳು. ಅವನು ಅವಳ ತುಟಿಯನ್ನೇ ನೋಡುತ್ತ "ಏನಂದಿ? ಜೋರಾಗಿ ಹೇಳು" ಎಂದು ಒದರುತ್ತಿದ್ದ. ಎರಡೂ ಕಿವಿಯಿಂದ ರಕ್ತ ಇಳಿದಿತ್ತು. ಸಪ್ಪಳಕ್ಕೆ ಕಿವಿ ಹೋಗಿವೆ ಎಂದು ಅವಳಿಗೆ ಅರ್ಥವಾಯಿತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಅವನ ಕೈ. ಅದು ಮತ್ತೆ ಮತ್ತೆ ಹೊಟ್ಟೆಯ ಎಡಮಗ್ಗುಲಿಗೆ ಹೋಗುತ್ತಿತ್ತು. ಅರ್ಧ ದಾರಿ ದಾಟುವ ಹೊತ್ತಿಗೆ ಅವನು ಒದರುವುದನ್ನೂ ಬಿಟ್ಟು ಕಣ್ಣು ಮುಚ್ಚಿದ. ಅವಳು ಹೊಟ್ಟೆ ಮುಟ್ಟಿ ನೋಡಿದಳು. ಹಲಗೆಯಂತೆ ಗಟ್ಟಿಯಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂಡಿ ದವಾಖಾನೆ ಮುಟ್ಟಿತು. ಡಾಕ್ಟರು ಜಹೀರುದ್ದೀನ್ ಸಾಹೇಬರು, ಮಾತು ಖಾರ, ಕೈ ಮೆತ್ತಗೆ.

"ಏನಾಯ್ತು ಇವನಿಗೆ?"

"ಬಾವ್ಯಾಗ ಬಿದ್ದಾನ್ರೀ ಸಾಬ್" ಎಂದು ತುಕಾರಾಮನೇ ಮುಂದೆ ಬಿದ್ದು ಹೇಳಿದ.

ಡಾಕ್ಟರು ಸೂಗಪ್ಪನ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದರು. ಅವನು ಅಲುಗಲಿಲ್ಲ. ಕಿವಿಯೊಳಗೆ ದೀಪ ಹಿಡಿದು ನೋಡಿ ಮುಖ ಸಣ್ಣದು ಮಾಡಿದರು. "ಮ್ಯಾಲಿಂದ ಬಿದ್ದವನ ಕಿವ್ಯಾಗ ರಕ್ತ ಬಂದ್ರ ತಲಿಬುರುಡಿ ಒಡದಾದ ಅಂತ ಅರ್ಥ. ಅಲುಗಾಡಿಸಬ್ಯಾಡ್ರಿ. ಕತ್ತಲ ಖೋಲಿಯಾಗ ಮಲಗಿಸ್ರಿ, ತಲಿಗೆ ತಣ್ಣೀರ ಪಟ್ಟಿ ಹಾಕ್ರಿ. ಮುಂದಿಂದು ಅಲ್ಲಾನ ಮರ್ಜಿ" ಎಂದು ಬೇರೆ ರೋಗಿಯ ಕಡೆ ಹೊರಟರು.

ಅವರದೇನು ತಪ್ಪು? ಹೇಳಿದ ಸುಳ್ಳಿಗೆ ತಕ್ಕ ಮದ್ದು ಕೊಟ್ಟಿದ್ದರು. ನೀಲಗಂಗಮ್ಮ ಗಂಡನನ್ನು ನೋಡಿದಳು. ಬಂಡೆ ಕೊಲ್ಲದೆ ಬಿಟ್ಟ ಗಂಡಸನ್ನು ಒಂದು ಮಾತು ಕೊಲ್ಲುತ್ತಿದೆ, ಅದೂ ತಾನೇ ಆಡಲು ಒಪ್ಪಿದ ಮಾತು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕೊರಳಿಗೆ ಕೈ ಹಾಕಿ ಲಿಂಗ ತೆಗೆದು ಅಂಗೈಯಲ್ಲಿಟ್ಟಳು. ಪಾಪ, ಬೇಡಿಕೊಳ್ಳುತ್ತಾಳೆ ಎಂದುಕೊಂಡ ತುಕಾರಾಮ.

"ಡಾಕ್ಟರ್ ಸಾಬ್, ನಿಂದರ್ರಿ. ಇವರು ಬಿದ್ದಿಲ್ಲ. ಬಾವ್ಯಾಗ ಬಾರೂದ ಸಿಡದಾದ. ಅಣವೀರಪ್ಪಗೌಡ್ರ ಬಾರೂದ, ಪರವಾನಗಿ ಇಲ್ಲದ್ದು. ಆ ಸಪ್ಪಳಕ್ಕ ಕಿವಿ ಹೋಗ್ಯಾವ. ಇವರ ಹೊಟ್ಟಿ ನೋಡ್ರಿ."

"ಏ ನೀಲಗಂಗಾ, ಲಿಂಗ ಮುಟ್ಟಿ ಆಣಿ ಮಾಡೀದಿ" ಎಂದು ತುಕಾರಾಮ ಹಲ್ಲು ಕಡಿದ.

"ಮಾಡೀನಿ. ಈಗ ಮುರದೀನಿ. ಲಿಂಗ ನನ್ನ ಅಂಗೈಯಾಗ ಅದ, ನಿಮ್ಮ ಗೌಡ್ರ ಅಂಗೈಯಾಗ ಇಲ್ಲ. ಯಾಕ ಮುರದಿ ಅಂತ ಅದು ಕೇಳಿದ್ರ ಅದಕ್ಕ ಜವಾಬ ಕೊಡ್ತೀನಿ. ನೀ ನಡುವ ಬರಬ್ಯಾಡ."

ಡಾಕ್ಟರು ತಿರುಗಿ ಬಂದರು. ಬಿಸಿನೀರು ತರಿಸಿ ಅರಿಸಿನ, ಕೆಸರು ಎಲ್ಲ ತಾವೇ ಉಜ್ಜಿ ತೊಳೆದರು. ಎಡ ಪಕ್ಕೆಲುಬಿನ ಕೆಳಗೆ ತೊಗರಿಬೇಳೆಯಷ್ಟು ಸಣ್ಣ ತೂತು ಕಂಡಿತು. ಸುತ್ತಲೂ ಚರ್ಮದಡಿ ಬಾರೂದಿನ ಕರಿ ಚುಕ್ಕೆಗಳು. ಹೊಟ್ಟೆ ಒತ್ತಿದ ಕೂಡಲೇ ಸೂಗಪ್ಪ ಕಿರುಚಿದ.

"ಕಲ್ಲಿನ ಚೂರು ಒಳಗ ಹೋಗ್ಯಾದ. ಇಷ್ಟೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದಿ ಯಾಕಮ್ಮಾ?" ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು. "ಹೊಟ್ಟಿ ಕೊಯ್ಯಬೇಕು. ಕೆಸರು ಬ್ಯಾರೆ ಮೆತ್ಯಾರ, ಧನುರ್ವಾಯು ಆಗಬಾರದಂತ ಸೂಜಿ ಹಾಕಬೇಕು. ಬದುಕ್ತಾನಂತ ಮಾತು ಕೊಡಂಗಿಲ್ಲ ನಾ."

"ಮಾತು ಬ್ಯಾಡ್ರಿ ಸಾಬ್. ಕೈ ಹಚ್ಚರಿ."

ಬಾಗಿಲು ಮುಚ್ಚಿತು. ನೀಲಗಂಗಮ್ಮ ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಳು ಬರುತ್ತಿತ್ತು, ಆದರೆ ತುಕಾರಾಮನ ಮುಂದೆ ಅಳಲು ಅವಳಿಗೆ ಮನಸ್ಸಿರಲಿಲ್ಲ. ನಬಿಸಾಬ ಎತ್ತುಗಳಿಗೆ ನೀರು ಕುಡಿಸಿ ಬಂದು, ಒಂದು ತಂಬಿಗೆ ನೀರು ಅವಳ ಮಗ್ಗುಲಿಗಿಟ್ಟು ಕೂತ.

ಡಾಕ್ಟರು ಹೊರಗೆ ಬಂದಾಗ ಅವರ ಅಂಗಿ ಬೆವರಿಗೆ ತೊಯ್ದಿತ್ತು. "ಚೂರು ತಗದೀನಿ. ಕರುಳ ಹೊಲದೀನಿ. ಜೀವ ಅದ. ಈ ವಾರ ದಾಟಿದ್ರ ಬದುಕ್ತಾನ" ಎಂದರು. ಆಮೇಲೆ ದನಿ ತಗ್ಗಿಸಿ, "ಬಾರೂದಿನ ಗಾಯ ಅಂದ ಮ್ಯಾಲ ಪೊಲೀಸ್ ಅಮೀನರಿಗೆ ನಾ ತಿಳಸಲೇಬೇಕು. ಅವರ ಮುಂದೂ ಹಿಂಗ ಹೇಳ್ತೀಯೇನಮ್ಮಾ?"

"ಇದಕ್ಕಿಂತ ಜೋರಾಗಿ ಹೇಳ್ತೀನ್ರಿ."

ತುಕಾರಾಮ ತಲೆಗೆ ಪಟಗ ಸುತ್ತಿಕೊಳ್ಳುತ್ತ ಎದ್ದ. "ತಲಿ ಕೆಟ್ಟಾದ ನಿಂದು. ಗೌಡ್ರ ಜಾಗದಾಗ ಕಟ್ಟಿದ ಮನಿ ನಿಮ್ಮದು. ನೀ ಊರಿಗೆ ಬರೂದ್ರಾಗ ಬೀಗ ಬಿದ್ದಿರ್ತದ, ನೋಡ್ತಿರು."

ನೀಲಗಂಗಮ್ಮ ಜಗಲಿಯಿಂದ ಇಳಿಯಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಬೀಳ್ಲಿ. ಜಾಗ ಅವರದು, ಬೀಗಾನೂ ಅವರದು. ಗಂಡ ನನ್ನವ. ಹೋಗಿ ಹೇಳು."