ಹೆಬ್ಬಾತಿನ ಕಾಲುಂಗುರ

ಒಲೆಯ ಬಾಯಿಗೆ ಇನ್ನೊಂದು ಸೌದೆ ನೂಕಿ ಹುಲಿಯಮ್ಮ ಹಂಡೆಗೆ ಬೆರಳದ್ದಿ ನೋಡಿದಳು. ಐವತ್ತು ವರ್ಷ ದಿನಾ ಬೆಳಿಗ್ಗೆ ಗಂಡನಿಗೆ ಕಾಯಿಸಿಕೊಟ್ಟ ಹದವೇ. ಇವತ್ತು ಆ ನೀರು ಗುಡ್ಡಪ್ಪನ ಹೆಣಕ್ಕೆ ಅನ್ನುವುದೊಂದೇ ವ್ಯತ್ಯಾಸ.

ಅಂಗಳದಲ್ಲಿ ಗಂಡಸರು ಹೆಣವನ್ನು ಹಲಗೆಯ ಮೇಲೆ ಕೂರಿಸಿದ್ದರು. ಗುಡ್ಡಪ್ಪನ ತಮ್ಮ ಉಜ್ಜಪ್ಪ ಕುಡುಗೋಲಿನಿಂದ ಉಡಿದಾರ ಕೊಯ್ದವನೇ, "ಇದೇನೋ ಇದು?" ಎಂದ. ಕರಿದಾರದಲ್ಲಿ ಬಿಳುಚಿದ ಲೋಹದ ಉಂಗುರವೊಂದನ್ನು ಪೋಣಿಸಲಾಗಿತ್ತು. ಅದರ ಮೇಲೆ ಇಂಗ್ಲಿಷ್ ಅಕ್ಷರ, ಸವೆದ ನಂಬರು.

ಮಗ ಪರಶುರಾಮನ ಮುಖ ಬಾಡಿತು. ಅವನು ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರು. "ಕಾಕಾ, ಬಾಯಿ ಮುಚ್ಚು. ಉಡಿದಾರ ಹೆಂಗೂ ಕುಣಿಗೆ ಹೋಗ್ತದೆ. ಅದೂ ಅಪ್ಪನ ಜೊತೀಗೇ ಹೋಗ್ಲಿ."

"ಹೋಗಂಗಿಲ್ಲ." ಹುಲಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಅಂಗೈ ಚಾಚಿದಳು. "ಇಲ್ಲಿ ಕೊಡು."

*

ಮದುವೆಯಾದ ಮೊದಲ ಚಳಿಗಾಲ ಗುಡ್ಡಪ್ಪ ಅವಳಿಗೆ ಹೆಬ್ಬಾತು ಹಿಡಿಯುವುದನ್ನು ಕಲಿಸಿದ್ದ. ಬಂದೂಕು ಮುಟ್ಟಿದವನಲ್ಲ, ಊರಿಗೆಲ್ಲ ಅವನು ಗಡಿಗೆ ಗುಡ್ಡಪ್ಪ. ಮೊದಲು ಹತ್ತು ಖಾಲಿ ಗಡಿಗೆಗಳನ್ನು ಕೆರೆಗೆ ತೇಲಿಬಿಡಬೇಕು. ನಾಲ್ಕು ದಿನ ಅತ್ತ ತಲೆ ಹಾಕಕೂಡದು. ಉತ್ತರದಿಂದ ಬಂದ ಹಕ್ಕಿಗಳು ಗಡಿಗೆಗೆ ಹೆದರುವುದನ್ನು ಮರೆಯಬೇಕು. ಐದನೆಯ ದಿನ, ಕಣ್ಣಿಗೆರಡು ತೂತು ಕೊರೆದ ಗಡಿಗೆಯನ್ನು ತಲೆಗೆ ಬೋರಲು ಹಾಕಿಕೊಂಡು ಕುತ್ತಿಗೆಯವರೆಗೆ ನೀರಿಗಿಳಿಯಬೇಕು.

"ನಡೀಬ್ಯಾಡ, ತೇಲು. ಗಡಿಗಿ ಎಲ್ಲಾದ್ರೂ ನಡೀತೈತಾ?"

"ಉಸಿರಾಡಬೌದಾ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ, ಮಾರಾಯ್ತಿ? ಕೇಳಿಲ್ಲಿ. ಹಿಂಡಿಗೊಂದು ಕಾವಲು ಹಕ್ಕಿ ಇರ್ತೈತಿ. ಅದು ಕತ್ತು ಎತ್ತಿದ್ರೆ ಅಲ್ಲೇ ನಿಂತುಬಿಡು. ನಡೂಕೆ ಕೈ ಹಾಕ್ಬ್ಯಾಡ. ಅಂಚಿನಾಗಿರೋದರ ಕಾಲು ಹಿಡ್ದು ಕೆಳಗೆ ಎಳಿ. ಪಕ್ಕದ ಹಕ್ಕಿಗೂ ಗೊತ್ತಾಗಬಾರ್ದು."

ಮೊದಲ ಸಲಕ್ಕೇ ಅವಳ ಕೈಗೆ ಸಿಕ್ಕಿತು. ಪಕ್ಕದ ಹಕ್ಕಿಗೆ ಗೊತ್ತಾಗಲಿಲ್ಲ. ದಂಡೆಗೆ ತಂದು ನೋಡಿದರೆ ಕಾಲಿನಲ್ಲಿ ಉಂಗುರ. ಇಬ್ಬರಿಗೂ ಓದು ಬಾರದು. ಗುಡ್ಡಪ್ಪ ಸುತ್ತಲೂ ನೋಡಿ ದನಿ ತಗ್ಗಿಸಿದ. "ಇದು ಸರ್ಕಾರದ ಹಕ್ಕಿ ಕಣೇ. ನಂಬರ್ ಹಾಕಿ ಬಿಟ್ಟಾರೆ. ವಾಪಸ್ ಬರ್ಲಿಲ್ಲ ಅಂದ್ರೆ ಹುಡುಕ್ಕೊಂಡು ಬರ್ತಾರೆ."

ಹಕ್ಕಿಯನ್ನು ತಿನ್ನದೆ ಹೂತರು. ಗಡಿಗೆಗಳನ್ನೆಲ್ಲ ಒಡೆದು ಹಾಕಿ ಅವನು ಉಂಗುರವನ್ನು ಉಡಿದಾರಕ್ಕೆ ಪೋಣಿಸಿಕೊಂಡ. "ಯಾರಾದ್ರೂ ಬಂದ್ರೆ ಹಿಡಿದವ್ನು ನಾನು. ನೀನು ಕೆರೀಗೇ ಇಳಿದಿಲ್ಲ." ಅಲ್ಲಿಂದ ಮುಂದೆ ಗದ್ದೆ, ಕೆರೆಯ ತೂಬು, ಎತ್ತು ಇಷ್ಟರಲ್ಲೇ ಅವನ ಆಯುಷ್ಯ ಸವೆಯಿತು. ಊರಿಗೆ ಜೀಪು ಬಂದಾಗೆಲ್ಲ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು.

ಮೂರು ವರ್ಷದ ಹಿಂದೆ, ಶಿಕಾರಿಪುರದಲ್ಲಿ ಕಾಲೇಜು ಓದುತ್ತಿದ್ದ ಮೊಮ್ಮಗಳು ರಜನಿ ಅಜ್ಜನ ಸೊಂಟ ನೋಡಿ ನಕ್ಕಿದ್ದಳು. "ಅಜ್ಜಾ, ಕೇಸು ಗೀಸು ಏನಿಲ್ಲ ಇದ್ರಾಗೆ. ಹಕ್ಕಿ ಎಲ್ಲೆಲ್ಲಿಗೆ ಹೋಗ್ತಾವೆ ಅಂತ ನೋಡೋರು ಹಾಕಿದ್ದು. ಸಿಕ್ಕಿದೋರು ತಿಳಿಸಿ ಅಂತ ಐತಿ, ಮುಂಬೈ ವಿಳಾಸ."

ಹುಲಿಯಮ್ಮ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಆ ವಾರವೇ ಕೂತು, ಆ ಹಕ್ಕಿಗೆ ಏನಾಯಿತೆಂದು ಒಂದು ಪುಟ ಬರೆದಳು. ಲಕೋಟೆಯ ಮೇಲೆ ರಜನಿ ಇಂಗ್ಲಿಷಿನಲ್ಲಿ ವಿಳಾಸ ಬರೆದುಕೊಟ್ಟಳು. ಗುಡ್ಡಪ್ಪ ಮಾತ್ರ ಉಡಿದಾರ ಬಿಚ್ಚಲಿಲ್ಲ. "ನಾನಿರೋ ತನಕ ಬ್ಯಾಡ ಹುಲಿಗಿ. ನಿನ್ನ ಎಳ್ಕೊಂಡು ಹೋದ್ರೆ ನಾನೇನ್ ಮಾಡ್ಲಿ?"

*

"ಅವ್ವಾ, ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಕೆಲ್ಸ ಹೋಗ್ತದೆ," ಎಂದ ಪರಶುರಾಮ.

"ನೀನು ಹುಟ್ಟೋಕ್ಕಿಂತ ಮುಂಚಿನ ಬಾತು ಕಣೋ ಅದು. ನಿನಗ್ಯಾಕೆ ಬರ್ತದೆ?"

ಪಕ್ಕದ ಮನೆಯ ದುರುಗಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಸೂತಕದ ಮನಿಂದ ಕಾಗದ ಕಳಿಸ್ತಾರೇನೇ? ಹನ್ನೊಂದು ದಿನ ತಡಿ."

"ಐವತ್ತು ವರ್ಷ ತಡ್ದೀನಿ ದುರುಗಿ. ಬೆಳಿಗ್ಗಿಂದ ನೀವೆಲ್ಲ ಫೋನು ಹಿಡ್ಕೊಂಡು ಏನ್ ಮಾಡ್ತಿದ್ರಿ? ಗುಡ್ಡಪ್ಪ ಹೋದ ಅಂತ ಊರೂರಿಗೆ ತಿಳಿಸ್ತಿದ್ರಿ. ಆ ಹಕ್ಕೀಗೂ ಅಂಥೋರು ಯಾರೋ ಇದ್ರಲ್ಲ. ಏನಾಯ್ತೋ ಅಂತ ಕಾದಿರ್ತಾರೆ." ಅವಳು ಉಂಗುರವನ್ನು ಮುಷ್ಟಿಯಲ್ಲಿ ಹಿಡಿದಳು. "ನನ್ನ ತಪ್ಪು ಕಟ್ಕೊಂಡು ಅವ್ರು ಮಣ್ಣಿಗೆ ಹೋಗ್ಬಾರ್ದು. ಮೊದ್ಲು ಇದು ಹೋಗ್ಬೇಕು."

ಟ್ರಂಕಿನ ತಳದಿಂದ ಲಕೋಟೆ ತಂದು, ಉಂಗುರವನ್ನು ಅದರೊಳಗಿಟ್ಟು ಅನ್ನದ ಅಗುಳಿನಿಂದ ಅಂಟಿಸಿದಳು. ಊರಿನ ಅಂಚೆಯವನು ಚನ್ನೇಶ್ ಹಾರ ಹಾಕಲು ಬಂದು ಜಗಲಿಯಲ್ಲೇ ಕೂತಿದ್ದ. ಅವನ ಮಡಿಲಿಗೆ ಲಕೋಟೆ ಇಟ್ಟಳು.

"ಅಂಚೆಗೆ ಯಾವ ಸೂತಕ ಬಿಡಮ್ಮ," ಎಂದ ಚನ್ನೇಶ್. "ಆದ್ರೆ ಮೂರಕ್ಕೆ ಚೀಲ ಕಟ್ಬೇಕು, ಈಗ್ಲೇ ಎರಡೂವರೆ. ಕಳಿಸಿದೋರು ಯಾರು ಅಂತ ಬರೀಲಿ?"

"ಅಪ್ಪನ ಹೆಸ್ರು ಬರೀರಿ," ಎಂದು ಪರಶುರಾಮ ತಟ್ಟನೆ ಹೇಳಿದ. "ಸತ್ತೋರ ಮೇಲೆ ಯಾವ ಕೇಸು ಹಾಕ್ತಾರೆ?"

ಉಜ್ಜಪ್ಪನೂ ತಲೆಯಾಡಿಸಿದ. ಹುಲಿಯಮ್ಮ ಚನ್ನೇಶನ ಜೇಬಿನಿಂದ ಪೆನ್ನು ಕಿತ್ತುಕೊಂಡು ಕಂಬಕ್ಕೆ ಲಕೋಟೆ ಒತ್ತಿ ಹಿಡಿದಳು. ಒಂದೊಂದೇ ಅಕ್ಷರ ತೀಡಿದಳು. ಹುಲಿಯಮ್ಮ. ಕುಬಟೂರು. ಸೊರಬ ತಾಲ್ಲೂಕು. ಜಾಗ ಉಳಿದಿತ್ತು. ಕೆಳಗೆ, 'ಹಿಡಿದವಳು' ಎಂದು ಸೇರಿಸಿದಳು.

ಹಾರ ಹಾಕಿಯೇ ಹೋಗುತ್ತೇನೆಂದು ಚನ್ನೇಶ್ ಲಕೋಟೆಯನ್ನು ಜೇಬಿಗಿಳಿಸಿ ನಿಂತ. ಹೆಣವನ್ನು ಮೀಯಿಸಿ, ಹೊಸ ಪಂಚೆ ಉಡಿಸಿ, ಚಟ್ಟ ಎತ್ತಿದರು. ಮುಂದಿನ ಹೆಗಲು ಪರಶುರಾಮನದು. ಹಲಗೆ ವಾದ್ಯದವರು ಬಾರಿಸುತ್ತ ಓಣಿಗಿಳಿದರು. ಬೇಲಿಯಿಂದ ಬೇಲಿಗೆ ಜನ ತುಂಬಿತ್ತು. ಹೊಸಿಲಿನಲ್ಲಿ ನಿಂತ ಹುಲಿಯಮ್ಮನಿಗೆ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡ ಚನ್ನೇಶನ ಬೈಕು ಕಾಣುತ್ತಿತ್ತು. ಅವನು ಹಾರ್ನ್ ಒತ್ತಲು ಹಿಂಜರಿದು ಗಡಿಯಾರ ನೋಡಿಕೊಳ್ಳುತ್ತಿದ್ದ.

ಪರಶುರಾಮ ತಿರುಗಿ ನೋಡಿದ. ಬೈಕನ್ನು ನೋಡಿದ, ಆಮೇಲೆ ಹೊಸಿಲಿನ ಕಡೆಗೆ.

"ಹಲಗೆ ನಿಲ್ಸ್ರೋ," ಎಂದು ಕೂಗಿದ. "ಟಪಾಲಿಗೆ ದಾರಿ ಬಿಡ್ರಿ."

ಅವನು ಒಂದು ಕಾಲನ್ನು ಚರಂಡಿಗಿಟ್ಟು ಬೇಲಿಗೆ ಒತ್ತಿ ನಿಂತ. ಉಳಿದ ಮೂವರೂ ಹಾಗೇ ಸರಿದರು. ಗುಡ್ಡಪ್ಪನ ಚಟ್ಟ ಒಂದು ಬದಿಗೆ ವಾಲಿತು. ಆ ಸಂದಿಯಲ್ಲಿ ಚನ್ನೇಶನ ಬೈಕು, ಇಳಿಬಿದ್ದ ಚೆಂಡುಹೂವಿನ ಹಾರಕ್ಕೆ ಭುಜ ತಗುಲಿಸಿಕೊಂಡು, ಮುಂದಕ್ಕೆ ಹೋಯಿತು.