ಬಾಗಿಲ ಹಿಂದಿನ ಕಾಲು

ಬೆಳಗಿನ ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಒರಗುಕುರ್ಚಿಯ ಮೇಲೆ ಬೀಳುವ ಹೊತ್ತಿಗೆ ಹದ್ದಣ್ಣ ಆಗಲೇ ಅದರಲ್ಲಿ ತುಂಬಿಕೊಂಡಿರುತ್ತಿದ್ದ. ಬಂದರಿನ ಅತಿ ಎತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ಕುಳಿತು ಹಡಗುಗಳ ಸರಕು ಇಳಿಸುತ್ತಿದ್ದವನಿಗೆ ಹಮಾಲರು ಇಟ್ಟ ಹೆಸರು ಅದು. ಈಗ ಅವನು ಏರುವ ಎತ್ತರವೆಂದರೆ ಮಂಚದಿಂದ ಕುರ್ಚಿಗೆ, ಅಷ್ಟೆ.

ಒಂದು ದಿನ ಅವನು ಕ್ರೇನಿನಿಂದ ಕೆಳಗಿಳಿದಿದ್ದಾಗ ಸರಕುಪೆಟ್ಟಿಗೆಯೊಂದು ಜಾರಿ ಅವನ ಬಲಗಾಲಿನ ಮೇಲೆ ಬಿದ್ದಿತ್ತು. ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿದ್ದಾಗ ಮಾತಾಡಲಾಗದೆ ಅವನು ಬಂದರಿನ ಕೈಸನ್ನೆಗಳನ್ನೇ ಬಳಸಿದ್ದ, ಮನೆಯವರು ಕಲಿತಿದ್ದರು. ನಳಿಕೆ ಹೋದರೂ ಸನ್ನೆ ಹೋಗಲಿಲ್ಲ. ತೋರುಬೆರಳನ್ನು ಮೇಲೆತ್ತಿ ತಿರುಗಿಸಿದರೆ ಕ್ರೇನಿನವರಿಗೆ ‘ಮೇಲೆತ್ತು’ ಎಂದರ್ಥ. ಈ ಮನೆಯಲ್ಲಿ ಮಾತ್ರ ‘ತಟ್ಟೆ ಬರಲಿ’ ಎಂದು. ಅವನ ಅಕ್ಕ ಆ ಬೆರಳು ಏಳುವುದನ್ನೇ ಕಾಯುತ್ತಿದ್ದಳು. ಕೆಲವೊಮ್ಮೆ ಅದು ಏಳುವ ಮೊದಲೇ ಬೆಣ್ಣೆ ಬಳಿದ ಬ್ರೆಡ್ಡಿನೊಂದಿಗೆ ಹಾಜರಾಗುತ್ತಿದ್ದಳು.

ಕೃತಕ ಕಾಲು ಬಾಗಿಲ ಹಿಂದೆ ಗೋಡೆಗೊರಗಿ ನಿಂತಿತ್ತು. ಅದನ್ನು ಮಾಡಿಕೊಟ್ಟ ತಂತ್ರಜ್ಞೆ ಕೊನೆಯ ಭೇಟಿಯಲ್ಲಿ ಅದನ್ನು ತೊಡಿಸಲು ಹೆಣಗಿ, ಬೆವರು ಒರೆಸಿಕೊಂಡಿದ್ದಳು.

“ಮೊಂಡುಗಾಲು ಕೂರೋ ಈ ಬಟ್ಟಲು ನಿಮ್ಮ ಹಳೇ ಅಳತೆಗೆ ಮಾಡಿದ್ದು. ಮೈ ಬೆಳೆದ್ರೆ ಮೊಂಡುಗಾಲೂ ಬೆಳೆಯುತ್ತೆ. ಇನ್ನೊಂದು ಬಟ್ಟಲು ಮಾಡಿಕೊಡಬಹುದು. ಆದ್ರೆ ನೀವು ಅದನ್ನೂ ತುಂಬಿಸ್ತೀರಿ ಅನ್ನೋದೇ ನನ್ನ ಚಿಂತೆ.”

ಹದ್ದಣ್ಣ ನಕ್ಕಿದ್ದ. ಕಾಲಿಲ್ಲದವನು ತೂಕ ಇಳಿಸಿ ಯಾವ ಓಟದಲ್ಲಿ ಗೆಲ್ಲಬೇಕು?

ಉತ್ತರವನ್ನು ಸನ್ನೆಗಾರ ತಂದ. ಹದ್ದಣ್ಣನ ಕ್ರೇನಿನ ಕೆಳಗೆ ನಿಂತು ಸನ್ನೆ ಕೊಡುತ್ತಿದ್ದ ಹಳೆಯ ಜೊತೆಗಾರ ಅವನು. ಬೇಕರಿ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯ ತುದಿಯಲ್ಲಿ ಕುಳಿತ.

“ಅಣ್ಣ, ನಿನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತಾರಂತೆ. ಮಳೆಗಾಲ ಶುರುವಾಗೋದ್ರೊಳಗೆ ನೀನು ಏಣಿ ಹತ್ತಿ ತೋರಿಸಿದ್ರೆ ನಿನ್ನ ಗೂಡು ನಿನಗೆ. ಇಲ್ಲಾಂದ್ರೆ ತೂಕದ ಕಟ್ಟೆಯಲ್ಲಿ ಕೂತು ಲಾರಿ ತೂಗೋ ಕೆಲಸ.”

“ಒಳ್ಳೇದೇ ಆಯ್ತಲ್ಲ, ನೆರಳಲ್ಲಿ ಕೂತ್ಕೊಳ್ಳೋ ಕೆಲಸ,” ಎಂದಳು ಅಕ್ಕ ಒಳಗಿನಿಂದ.

“ಹೌದಕ್ಕ. ಲಾರಿ ಬರದ ಹೊತ್ತಲ್ಲಿ ಇವನೇ ಹತ್ತಿ ನಿಂತ್ಕೋಬಹುದು, ಕಟ್ಟೆ ತಡೆಯುತ್ತೆ.”

ಹದ್ದಣ್ಣನಿಗೆ ನಗು ಬರಲಿಲ್ಲ. ಕಿಟಕಿಯಾಚೆ, ಮನೆಗಳ ಚಾವಣಿಗಳ ಮೇಲೆ ಕ್ರೇನಿನ ತುದಿ ಕಾಣುತ್ತಿತ್ತು. ಅಲ್ಲಿಂದ ನೋಡಿದರೆ ಹಡಗೇ ಅಂಗೈಯಷ್ಟು. ಎದೆಯೊಳಗೆ ಏನೋ ಉರಿದಂತಾಯಿತು. ಉರಿಯನ್ನು ಆರಿಸುವ ಒಂದೇ ದಾರಿ ಅವನಿಗೆ ಗೊತ್ತಿತ್ತು. ಸನ್ನೆಗಾರ ಹೊರಟ ಮೇಲೆ ಬೆರಳು ತಾನಾಗಿಯೇ ಮೇಲೆದ್ದಿತು.

ಅಕ್ಕ ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದುಕೊಂಡು ಬಂದಳು. ಆಗ ಹದ್ದಣ್ಣನ ಹೆಂಡತಿ ಅಡುಗೆಮನೆಯಿಂದ ಬಂದು ಇಬ್ಬರ ನಡುವೆ ನಿಂತಳು. ಎರಡೂ ತೋಳುಗಳನ್ನು ಅಡ್ಡಲಾಗಿ, ಭುಜದ ಮಟ್ಟಕ್ಕೆ ಚಾಚಿದಳು.

ಅವನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಬಂದರಿನಲ್ಲಿ ಉಳಿದ ಸನ್ನೆಗಳನ್ನು ಸನ್ನೆಗಾರನೊಬ್ಬನೇ ಕೊಡಬೇಕು. ಹೀಗೆ ತೋಳು ಚಾಚುವ ‘ನಿಲ್ಲಿಸು’ ಎಂಬುದನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು. ಕಸ ಗುಡಿಸುವವಳು ಕೊಟ್ಟರೂ ಕ್ರೇನು ನಿಲ್ಲಲೇಬೇಕು. ಕಾರಣ ಕೇಳುವುದು ಆಮೇಲೆ. ಇಡೀ ಜೀವಮಾನ ಆ ನಿಯಮ ಪಾಲಿಸಿದ ಮೈ ಅದು.

“ಯಾಕೆ ನಿಲ್ಸಿದೆ?” ಎಂದು ಕೇಳಿದ, ದನಿ ತಗ್ಗಿಸಿ.

“ಭಾರದ ಕೆಳಗೆ ಮನುಷ್ಯ ಇದ್ದಾನೆ, ರೀ.”

ಅಕ್ಕ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. “ಏನಮ್ಮಾ ಇದು? ನಾನು ತಮ್ಮನಿಗೆ ವಿಷ ಹಾಕ್ತಿದೀನಾ? ಆಸ್ಪತ್ರೆಲಿ ಎಷ್ಟು ದಿನ ಅವನ ಹೊಟ್ಟೆಗೆ ಏನೂ ಇರಲಿಲ್ಲ. ಮೊದಲ ಸಲ ಬಾಯಿ ತೆರೆದು ಕುಡಿದಿದ್ದು ನನ್ನ ಕೈಯಿಂದ ಒಂದು ಚಮಚ ಗಂಜಿ. ಅವತ್ತಿಂದ ಅವನ ತಟ್ಟೆ ಖಾಲಿ ಕಂಡ್ರೆ ನನ್ನ ಜೀವ ಹೋದ ಹಾಗಾಗುತ್ತೆ.”

“ನನಗೂ ಭಯಾನೇ ಅತ್ತಿಗೆ. ನೀವು ಉಣ್ಣಿಸಿದ್ದಕ್ಕೇ ಇವರು ಉಳಿದ್ರು, ಇಲ್ಲ ಅನ್ನಲ್ಲ. ಆದ್ರೆ ಈಗ ಬಚ್ಚಲಿಗೆ ಹೋಗಿ ಬರೋದ್ರೊಳಗೆ ಏದುಸಿರು ಬರುತ್ತೆ. ರಾತ್ರಿ ಉಸಿರು ಕಟ್ಟಿ ಕಟ್ಟಿ ಬಿಡ್ತಾರೆ. ಪಕ್ಕದಲ್ಲಿ ಮಲಗಿ ಕೇಳಿಸ್ಕೊಳ್ಳೋಳು ನಾನು.”

ಹದ್ದಣ್ಣ ಬಾಗಿಲ ಕಡೆ ನೋಡಿದ. “ಆ ಕಾಲು ಸ್ವಲ್ಪ ಇತ್ತ ಕೊಡು.”

ಹೆಂಡತಿ ಅಲ್ಲಾಡಲಿಲ್ಲ. ಅವನು ಊರುಗೋಲು ಹಿಡಿದು, ಗೊಣಗುತ್ತ, ತಾನೇ ಹೋಗಿ ತಂದ.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಊರುಗೋಲಿನಲ್ಲಿ ಮೊದಲು ಗೇಟಿನವರೆಗೆ, ಆಮೇಲೆ ಬೀದಿಯ ತಿರುವಿನವರೆಗೆ. ಬಾಗಿಲ ಚೌಕಟ್ಟಿಗೆ ಕೂರಿಸಿದ ಕಬ್ಬಿಣದ ಸರಳಿಗೆ ಜೋತುಬಿದ್ದು ತೋಳು ಗಟ್ಟಿಮಾಡಿಕೊಳ್ಳುವುದು. ತಟ್ಟೆಯಲ್ಲಿ ಅರ್ಧ ತರಕಾರಿ. “ದನಕ್ಕೆ ಹಾಕೋದೆಲ್ಲ ನನಗೆ ಹಾಕ್ತಿದ್ದಾಳೆ,” ಎಂದು ಅವನು ದೂರುತ್ತಿದ್ದ. “ದನ ಹೀಗೆ ಗೊಣಗಲ್ಲ,” ಎಂದು ಹೆಂಡತಿ ಬಡಿಸುತ್ತಿದ್ದಳು. ವಾರಕ್ಕೊಮ್ಮೆ ಕಾಲು ತೊಡುವ ಪ್ರಯತ್ನ. ಮೊಂಡುಗಾಲಿಗೆ ತೊಡುವ ರಬ್ಬರು ಚೀಲದ ತುದಿಯ ಮೊಳೆ ಬಟ್ಟಲಿನ ತಳದ ಕೊಂಡಿಯಲ್ಲಿ ಕೂತರೆ ‘ಕಟಕ್’ ಎಂಬ ಸದ್ದಾಗಬೇಕು. ಒಂದು ವಾರ ಸದ್ದಿಲ್ಲ. ಮತ್ತೊಂದು ವಾರವೂ ಇಲ್ಲ. ಮೂರೂ ಜನ ಉಸಿರು ಬಿಗಿಹಿಡಿದು ಕಿವಿಗೊಟ್ಟಿದ್ದ ಒಂದು ಮುಂಜಾನೆ, ಕಟಕ್.

“ಕೇಳಿಸ್ತಾ?” ಎಂದ ಹದ್ದಣ್ಣ, ಮಗುವಿನಂತೆ. “ಅಕ್ಕ, ಕೇಳಿಸ್ತಾ ನಿನಗೆ?”

ಊರುಗೋಲಿನ ಮೇಲೆ ಬಾಗದೆ ಎರಡು ಕಾಲಿನ ಮೇಲೆ ನಿಂತಾಗ ಗೋಡೆಯ ಕನ್ನಡಿ ಎದೆಯ ಮಟ್ಟಕ್ಕಿತ್ತು. ತನ್ನ ಎತ್ತರವನ್ನೇ ಅವನು ಮರೆತಿದ್ದ.

ಉತ್ಸಾಹದಲ್ಲಿ ಅತಿಯಾಗಿ ನಡೆದು ಚರ್ಮ ಕಿತ್ತುಬಂದ ವಾರ ಕಾಲನ್ನು ಕಳಚಿಡಬೇಕಾಯಿತು. ಮತ್ತೆ ಆ ಕುರ್ಚಿ, ಮತ್ತೆ ಮೇಲೇಳುವ ಬೆರಳು. ಅಕ್ಕ ಅದನ್ನು ಕಂಡಳು, ಎದ್ದಳು, ಮತ್ತೆ ಕೂತಳು. ಅವನು ಬೆರಳು ಮಡಚಿ, ಊರುಗೋಲೆಳೆದುಕೊಂಡು ಹೋಗಿ ನೀರು ಕುಡಿದು ಬಂದ.

ಮುಂದೆ ಬಟ್ಟಲು ಸಡಿಲವಾಗತೊಡಗಿತು. ಮೊಂಡುಗಾಲು ಸಣ್ಣಗಾದಂತೆಲ್ಲ ಅದಕ್ಕೆ ಒಂದರ ಮೇಲೊಂದು ಕಾಲುಚೀಲ ತೊಡಿಸಿ ಸರಿದೂಗಿಸಬೇಕು. “ಇನ್ನೊಂದು ಚೀಲ ಬೇಕು,” ಎಂದು ಅವನು ಗೆದ್ದವನಂತೆ ಕೂಗುವುದು, “ಕರಗಿಹೋಗ್ತಿದ್ದಾನೆ ನನ್ನ ಪುಟ್ಟ,” ಎಂದು ಅಕ್ಕ ಕಣ್ಣೊರೆಸಿಕೊಳ್ಳುವುದು ನಿತ್ಯದ ಮಾತಾಯಿತು.

ಪರೀಕ್ಷೆಯ ದಿನ ಮೋಡ ಕವಿದಿತ್ತು. ಬಂದರಿನ ಗೇಟಿನಲ್ಲಿ ಅಕ್ಕ ಬಗಲಲ್ಲಿ ಮಡಚುವ ಕುರ್ಚಿಯೊಂದನ್ನು ಇರುಕಿಕೊಂಡು ಬಂದದ್ದನ್ನು ಕಂಡು ಸನ್ನೆಗಾರ ಬಾಯಿ ಮುಚ್ಚಿಕೊಂಡು ನಕ್ಕ.

“ನಗು ನೀನು. ಮಧ್ಯದಲ್ಲಿ ಸುಸ್ತಾಗಿ ಇಳಿದು ಬಂದ್ರೆ ಎಲ್ಲಿ ಕೂತ್ಕೋತಾನೆ? ನೆಲದ ಮೇಲಾ?”

ಸುರಕ್ಷತಾ ಅಧಿಕಾರಿ ಹದ್ದಣ್ಣನ ಸೊಂಟಕ್ಕೆ ಬಿಗಿದ ಕೊಂಡಿ ಹಗ್ಗವನ್ನು ಎರಡೆರಡು ಸಲ ಎಳೆದು ನೋಡಿದರು. “ಈ ಹಗ್ಗ ಇರೋದು ನೀವು ಬಿದ್ರೆ ಹಿಡಿಯೋಕೆ, ಎತ್ತೋಕಲ್ಲ. ಹತ್ತೋದು ನೀವೇ. ಸಾಕು ಅನ್ನಿಸಿದ್ರೆ ಸಂಕೋಚ ಬೇಡ.”

ಹದ್ದಣ್ಣ ಹತ್ತಿದ. ಎಡಗಾಲು ಏರಿಸಿ, ತೋಳಿನಿಂದ ಎಳೆದು, ಬಲಗಾಲನ್ನು ಅದರ ಪಕ್ಕಕ್ಕೆ ಸೇರಿಸುವುದು. ಕೃತಕ ಪಾದಕ್ಕೆ ಮೆಟ್ಟಿಲು ತಿಳಿಯದು. ಪ್ರತಿ ಸಲವೂ ಕಣ್ಣಿನಿಂದ ನೋಡಿಯೇ ಇಡಬೇಕು. ನಡುವಿನ ಅಟ್ಟಣೆಯಲ್ಲಿ ನಿಂತಾಗ ಬೆವರು ಕಣ್ಣಿಗಿಳಿಯಿತು, ತೊಡೆ ಅದುರಿತು. ಮೇಲೆ ಇನ್ನೂ ಅಷ್ಟೇ ಏಣಿ. ಗಾಳಿಯಲ್ಲಿ ಉಪ್ಪಿನ, ತುಕ್ಕಿನ, ಡೀಸೆಲ್‌ನ ವಾಸನೆ. ಆ ವಾಸನೆಗೇ ಎದೆ ಹಿಗ್ಗಿತು. ಮತ್ತೆ ಎಡಗಾಲು ಏರಿಸಿದ.

ಗೂಡಿನ ಬಾಗಿಲು ತೆರೆದು ಕ್ರೇನು ನಡೆಸುವ ಹಿಡಿಕೆಗಳ ಮೇಲೆ ಕೈಯಿಟ್ಟಾಗ, ಕೆಳಗೆ ಇರುವೆಯಷ್ಟಾಗಿದ್ದ ಸನ್ನೆಗಾರ ಕೈ ಎತ್ತಿದ. ಭಾರೀ ಕೊಕ್ಕೆ ಮೆಲ್ಲನೆ ನೆಲ ಬಿಟ್ಟಿತು. ಹಮಾಲರು ಸಿಳ್ಳೆ ಹೊಡೆದರು.

ಇಳಿಯುವುದು ಇನ್ನೂ ನಿಧಾನವಾಯಿತು. ಅಧಿಕಾರಿ ಕಡೆಯ ಮೆಟ್ಟಿಲಿನವರೆಗೂ ಕಣ್ಣು ಕೀಳದೆ ನೋಡಿ, ಕೈ ನೀಡಿದರು. “ಸೋಮವಾರ ಬನ್ನಿ. ಸದ್ಯಕ್ಕೆ ಹಗಲು ಪಾಳಿ ಮಾತ್ರ.”

ಹೆಂಡತಿ ಅವನ ಬೆನ್ನಿನ ಬೆವರನ್ನು ಸೆರಗಿನಿಂದ ಒರೆಸುತ್ತ ನಗುತ್ತಿದ್ದಳು. ಹದ್ದಣ್ಣ ಸುತ್ತ ನೋಡಿದ. ಅಕ್ಕ ಮಡಚುವ ಕುರ್ಚಿಯಲ್ಲಿ ತಾನೇ ಕೂತಿದ್ದಳು, ಎರಡೂ ಕೈಯಿಂದ ಅದರ ಅಂಚು ಹಿಡಿದು.

“ಏನಕ್ಕ, ನನಗೆ ಅಂತ ತಂದದ್ದು?”

“ನೀನು ಮೇಲೆ ಹೋಗ್ತಾ ಹೋಗ್ತಾ ನನ್ನ ಕಾಲಲ್ಲಿ ಶಕ್ತಿನೇ ಉಡುಗಿಹೋಯ್ತು ಕಣೋ. ಏನು ಮಾಡ್ಲಿ?”

ಅವಳು ಎದ್ದಳು. ಸೀರೆ ಕೊಡವಿಕೊಂಡು ಕುರ್ಚಿ ಮಡಚಿದಳು. ಸನ್ನೆಗಾರ ಹೊತ್ತುಕೊಳ್ಳಲು ಮುಂದೆ ಬಂದ. ಹೆಂಡತಿಯೂ ಕೈ ಚಾಚಿದಳು. ಅಕ್ಕ ಇಬ್ಬರನ್ನೂ ಬದಿಗೆ ಸರಿಸಿ, ಕುರ್ಚಿಯನ್ನು ತಮ್ಮನ ಎದೆಗೆ ಒತ್ತಿದಳು.

“ತಗೋ, ನೀನೇ ಹೊತ್ಕೊಂಡು ಬಾ. ನನಗೆ ತೋಳು ನೋಯ್ತಾ ಇದೆ.”

ಹಿಂದಿರುಗಿ ನೋಡದೆ ಅವಳು ಗೇಟಿನ ಕಡೆ ಹೆಜ್ಜೆ ಹಾಕಿದಳು. ಹದ್ದಣ್ಣ ಕುರ್ಚಿಯನ್ನು ಹೆಗಲಿಗೇರಿಸಿ, ಅವಳನ್ನು ಹಿಡಿಯಲು ಬಿರಬಿರನೆ ನಡೆದ.